ಲೇಹ್ ಅರಮನೆಯ ಬಾಗಿಲಲ್ಲಿ ಬಿಟ್ಟ ಬೂಟು

ಲೇಹ್ ಪಟ್ಟಣದ ಹಳೆಯ ಅರಮನೆಗೆ ಒಂಬತ್ತು ಅಂತಸ್ತು. ಅವುಗಳಲ್ಲಿ ನಾನು ನೋಡಿರುವುದು ಕೆಳಗಿನ ನಾಲ್ಕನ್ನು ಮಾತ್ರ. ಉಳಿದ ಐದನ್ನು ಹತ್ತಿದವಳು ನನ್ನ ಹೆಂಡತಿ. ಈ ಸಂಗತಿಯನ್ನು ಆರಂಭದಲ್ಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ಲಂಡನ್ನಿನ ಕ್ರೋಯ್ಡನ್‌ನಲ್ಲಿರುವ ನಮ್ಮ ಕನ್ನಡ ಬಳಗದ ಮುಂದೆ ಇದನ್ನು ಒಪ್ಪಿಕೊಳ್ಳಲು ನನಗೆ ಹದಿನಾರು ನಿಮಿಷ ಹಿಡಿಯಿತು. ಓದುಗರನ್ನು ಅಷ್ಟು ಹೊತ್ತು ಕಾಯಿಸುವುದು ಸಭ್ಯತೆಯಲ್ಲ.

ಮೊದಲು ಬೆಂಚಿನ ಇತಿಹಾಸ ಹೇಳಬೇಕು. ನಾವು ಈ ಊರಿಗೆ ಬಂದ ಹೊಸತರಲ್ಲಿ, ಗ್ರೀನಿಚ್‌ನ ಗುಡ್ಡ ಹತ್ತುವಾಗ ನನ್ನ ಹೆಂಡತಿಯ ಮಂಡಿ ಒಂದು ದಿನ ಉಳುಕಿತು. ನಾನು ವೃತ್ತಿಯಿಂದ ಅರಿವಳಿಕೆ ವೈದ್ಯ. ಅಂದರೆ ಮಂಡಿಗೂ ನನಗೂ ಸಂಬಂಧವಿಲ್ಲ; ಮಂಡಿಯನ್ನು ಬೇರೆಯವರು ಕೊಯ್ಯುವಾಗ ಅದರ ಮಾಲೀಕರನ್ನು ಮಲಗಿಸಿಡುವುದಷ್ಟೇ ನನ್ನ ಕೆಲಸ. ಆದರೂ ಗಂಡನೂ ವೈದ್ಯನೂ ಒಬ್ಬನೇ ಆಗಿದ್ದರಿಂದ ಸ್ಥಳದಲ್ಲೇ ತೀರ್ಪು ಕೊಟ್ಟೆ: "ನಿನಗೆ ಹತ್ತುವುದು ಆಗಿಬರೋದಿಲ್ಲ. ನೀನು ಇಲ್ಲೇ ಕೂತಿರು." ಗುಡ್ಡದ ಬುಡದ ಬೆಂಚಿನ ಮೇಲೆ ಅವಳನ್ನು ಕೂರಿಸಿ, ಬ್ಯಾಗು, ನೀರಿನ ಬಾಟಲಿ, ನನ್ನ ಕೋಟು ಎಲ್ಲವನ್ನೂ ಅವಳ ಮಡಿಲಿಗೆ ಹಾಕಿ ನಾನು ಹತ್ತಿದೆ. ಮಂಡಿ ಎರಡು ದಿನದಲ್ಲಿ ಸರಿಹೋಯಿತು. ಆದರೆ ಸರ್ಕಾರದ ತಾತ್ಕಾಲಿಕ ಆದೇಶಗಳಿಗೆ ಆಗುವ ಗತಿಯೇ ನನ್ನ ಆದೇಶಕ್ಕೂ ಆಯಿತು. ಯಾರೂ ಅದನ್ನು ಹಿಂತೆಗೆದುಕೊಳ್ಳಲಿಲ್ಲ.

ಆಮೇಲೆ ಎಷ್ಟೋ ಗೋಪುರ, ಎಷ್ಟೋ ಕೋಟೆ, ಎಷ್ಟೋ ಇಗರ್ಜಿಯ ಗುಮ್ಮಟ. ಎಲ್ಲ ಕಡೆಯೂ ಅವಳು ಕೆಳಗೆ ಬೆಂಚಿನ ಮೇಲೆ, ನಾನು ಮೇಲೆ. ಇಳಿದು ಬಂದು ಮೇಲೆ ಏನೇನು ಕಾಣಿಸಿತು ಎಂದು ವರದಿ ಒಪ್ಪಿಸುತ್ತಿದ್ದೆ. ಅವಳು "ಹೌದೇನ್ರೀ" ಎಂದು ಕೇಳಿಸಿಕೊಳ್ಳುತ್ತಿದ್ದಳು. ಇದೇ ಹೆಂಗಸು ಪ್ರತಿ ಶನಿವಾರ ಸಂತೆಗೆ ನಡೆದು ಹೋಗಿ, ಎರಡು ಕೈಯಲ್ಲಿ ಎರಡು ಚೀಲ ಹಿಡಿದು ನಡೆದೇ ಬರುತ್ತಾಳೆ, ಲಿಫ್ಟ್ ಕೆಟ್ಟ ದಿನ ಅದೇ ಚೀಲಗಳೊಂದಿಗೆ ನಮ್ಮ ಫ್ಲಾಟಿನ ಮೆಟ್ಟಿಲು ಹತ್ತುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದನ್ನು ಕೂಡಿಸಿ ನೋಡಿರಲಿಲ್ಲ.

ನಾನು ನಿವೃತ್ತನಾದಾಗ, ಹೌನ್ಸ್ಲೋದಲ್ಲಿರುವ ಮಗಳು ಫೋನು ಮಾಡಿ ಎಲ್ಲಿಗಾದರೂ ಹೋಗಿಬನ್ನಿ ಎಂದಳು. ಎಲ್ಲಿಗೆ ಎಂದು ಅಮ್ಮನನ್ನು ಕೇಳಿದಳು. ನನ್ನನ್ನಲ್ಲ, ಅದೇ ಹೊಸತು. ಹೆಂಡತಿ ಒಂದು ಕ್ಷಣವೂ ತಡೆಯದೆ "ಲೇಹ್" ಅಂದಳು. ನಾನು ಚಕಿತನಾದೆ. ಅವಳು ಅಡುಗೆಮನೆಯ ಕಪಾಟಿನ ಬಾಗಿಲು ತೆರೆದು ತೋರಿಸಿದಳು. ಒಳಮೈಗೆ ಟೂಟಿಂಗ್‌ನ ದಿನಸಿ ಅಂಗಡಿಯವರು ಹಂಚಿದ ಕ್ಯಾಲೆಂಡರಿನ ಏಪ್ರಿಲ್ ಹಾಳೆ ಅಂಟಿಸಿತ್ತು: ಬೋಳು ಬೆಟ್ಟದ ಭುಜದ ಮೇಲೆ ಮಣ್ಣಿನ ಬಣ್ಣದ ಎತ್ತರದ ಅರಮನೆ. ಆ ಏಪ್ರಿಲ್ ಕಳೆದು ಎರಡು ವರ್ಷವಾಗಿತ್ತು. ಕಾಫಿಪುಡಿಗೆಂದು ನಾನು ಆ ಬಾಗಿಲನ್ನು ದಿನಕ್ಕೆ ಎರಡು ಸಲ ತೆರೆಯುತ್ತಿದ್ದೆ. ಕಾಫಿಪುಡಿ ಮಾತ್ರ ಕಂಡಿತ್ತು.

ಇನ್ನೊಂದು ವಿಷಯ. ನಾನು ಮೈಸೂರಿನವನು. ಇದು ಹೆಮ್ಮೆಯ ಮಾತಲ್ಲ, ರೋಗಲಕ್ಷಣ. ಮೈಸೂರಿನಲ್ಲಿ ಬೆಳೆದವನಿಗೆ ಜಗತ್ತಿನಲ್ಲಿರುವುದು ಒಂದೇ ಅರಮನೆ. ಮಿಕ್ಕವೆಲ್ಲ ದೊಡ್ಡ ಮನೆಗಳು. ಅರಮನೆ ಎಂದರೆ ಭಾನುವಾರ ಸಂಜೆ ದೀಪ ಹತ್ತಬೇಕು, ಒಳಗೆ ಕನ್ನಡಿ, ಕಂಬ, ಚಿತ್ರ ಇರಬೇಕು, ಮುಖ್ಯವಾಗಿ ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಬಂದ ನೆಂಟರನ್ನೆಲ್ಲ ಅರಮನೆಗೆ ಕರೆದೊಯ್ಯುವ ಜವಾಬ್ದಾರಿ ನನ್ನದಾಗಿತ್ತು. ಚಪ್ಪಲಿ ಬಿಡದೆ ಅರಮನೆಯೊಳಗೆ ಕಾಲಿಡುವುದು ನನ್ನ ಕಲ್ಪನೆಗೆ ಮೀರಿದ ಅಪರಾಧ. ನನ್ನ ಹೆಂಡತಿ ಧಾರವಾಡದವಳು. ಆ ಊರಿನವರಿಗೆ ಈ ಸಂಕಟಗಳಿಲ್ಲ.

ಲೇಹ್ ತಲುಪಿ ಎರಡು ದಿನ ಹೋಟೆಲಿನಲ್ಲಿ ಮಲಗಿದ್ದೆವು. ಆ ಎತ್ತರದಲ್ಲಿ ಗಾಳಿ ತೆಳು. ದೇಹ ಹೊಂದಿಕೊಳ್ಳಲು ಸಮಯ ಬೇಕು. ಆಮ್ಲಜನಕದ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತು ಎಂದು ವೃತ್ತಿಜೀವನವಿಡೀ ನಂಬಿದವನು ನಾನು. ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರವೊಂದನ್ನು ತಂದಿದ್ದೆ. ದಿನಕ್ಕೆ ಮೂರು ಸಲ ಅವಳದನ್ನೂ ನನ್ನದನ್ನೂ ಅಳೆದೆ. ಪ್ರತಿ ಸಲವೂ ಅವಳ ಅಂಕಿ ನನ್ನದಕ್ಕಿಂತ ಮೇಲಿತ್ತು. ಯಂತ್ರ ಕೆಟ್ಟಿದೆ ಎಂದು ಘೋಷಿಸಿದೆ.

ಮೂರನೆಯ ದಿನ ಬೆಳಿಗ್ಗೆ ಅರಮನೆಗೆ ಹೋದೆವು. ಮರದ ಮುಖಮಂಟಪ, ಅದರ ನೆತ್ತಿಯಲ್ಲಿ ಕೆತ್ತಿದ ಸಿಂಹದ ತಲೆಗಳು, ಅದರಾಚೆ ಕತ್ತಲು. ಟಿಕೆಟು ಕೊಂಡು ನಾನು ಸುತ್ತಲೂ ಹುಡುಕಿದೆ. ಚಪ್ಪಲಿ ಬಿಡುವ ಜಾಗ ಎಲ್ಲೂ ಕಾಣಲಿಲ್ಲ.

"ಪಾಪ, ಇವರು ಇನ್ನೂ ವ್ಯವಸ್ಥೆ ಮಾಡಿಲ್ಲ," ಅಂದೆ.

"ಯಾರೂ ಬಿಟ್ಟಿಲ್ರೀ. ನೋಡ್ರಿ, ಎಲ್ಲಾರೂ ಹಾಕ್ಕೊಂಡೇ ಹೊಂಟಾರ."

"ಅವರು ಬಿಡದೇ ಇದ್ದರೆ ಅದು ಅವರ ಸಂಸ್ಕಾರ. ಅರಮನೆ ಅಂದ ಮೇಲೆ ಅರಮನೆ."

"ಇದು ನಿಮ್ಮ ಮೈಸೂರಲ್ರೀ!"

ನಾನು ಬಗ್ಗಿ ಬೂಟು ಬಿಚ್ಚಿದೆ. ಲೇಸುಗಳನ್ನು ಒಳಗೆ ಸೇರಿಸಿ, ಹೊಸ್ತಿಲ ಪಕ್ಕದಲ್ಲಿ ಗೋಡೆಗೆ ಹಿಮ್ಮಡಿ ತಾಗುವಂತೆ ಜೋಡಿಸಿಟ್ಟೆ. ಅವಳೂ ಬಿಚ್ಚಿದಳು. ಆದರೆ ಅಲ್ಲಿ ಬಿಡಲಿಲ್ಲ. ಬ್ಯಾಗಿನಿಂದ ಬಟ್ಟೆಯ ಚೀಲವೊಂದನ್ನು ತೆಗೆದು ಅದಕ್ಕೆ ತುಂಬಿಕೊಂಡಳು.

"ಯಾರರೆ ಹೊತ್ಕೊಂಡು ಹೋದ್ರ? ಬರಿಗಾಲಿಲೆ ಲಂಡನ್ನಿಗೆ ಹೋಗ್ಲೇನು?"

ಒಳಗೆ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನೆಲದ ಸ್ವಭಾವ ತಿಳಿಯಿತು. ಮಣ್ಣು, ಸಣ್ಣ ಕಲ್ಲು, ಅಲ್ಲಲ್ಲಿ ಮರದ ಸಿಬಿರು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವಳು ಗೋಡೆಗೆ ಒರಗಿ ಶೂ ಹಾಕಿಕೊಳ್ಳುತ್ತಿದ್ದಳು.

"ನೀವೂ ಹೋಗಿ ಹಾಕ್ಕೊಂಡು ಬರ್ರಿ. ನಾ ನಿಂತಿರ್ತೀನಿ."

ಹೋಗಬಹುದಿತ್ತು. ಆದರೆ ಹಾಗೆ ಹೋದರೆ ಹತ್ತು ಹೆಜ್ಜೆಯ ಹಿಂದೆ ನಾನು ಸಂಸ್ಕಾರದ ಬಗ್ಗೆ ಆಡಿದ ಮಾತಿನ ಗತಿಯೇನು? "ಪರವಾಗಿಲ್ಲ, ಉಣ್ಣೆಯ ಕಾಲುಚೀಲ ದಪ್ಪಗಿದೆ," ಎಂದು ಮುಂದೆ ನಡೆದೆ.

ಅರಮನೆಯ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಮಾತು ಹೇಳುತ್ತೇನೆ. ಅಲ್ಲಿ ರಾಜರು ಇಲ್ಲ ಎಂಬುದು ಗೊತ್ತೇ ಇತ್ತು. ಎಷ್ಟೋ ಕಾಲದ ಹಿಂದೆ ಬಿಟ್ಟುಹೋದರಂತೆ. ಆದರೆ ಸಿಂಹಾಸನವಿಲ್ಲ, ಕನ್ನಡಿಯಿಲ್ಲ, ಕೂರಲು ಒಂದು ಮಣೆಯೂ ಇಲ್ಲ. ಕಗ್ಗತ್ತಲ ಓಣಿಗಳು, ಏಣಿಗೂ ಮೆಟ್ಟಿಲಿಗೂ ಮಧ್ಯದ ಮೆಟ್ಟಿಲುಗಳು, ನನ್ನ ಹಣೆಯ ಎತ್ತರಕ್ಕೇ ಅಳತೆ ತೆಗೆದು ಮಾಡಿಸಿದಂತಿದ್ದ ಬಾಗಿಲುಗಳು. ಕತ್ತಲಿನಲ್ಲಿ ತಡವರಿಸಿ ಇದ್ದಕ್ಕಿದ್ದಂತೆ ಒಂದು ಕಿಟಕಿಗೆ ಬಂದರೆ, ಹೊರಗೆ ಬಿಸಿಲು, ಕೆಳಗೆ ಊರಿನ ಚಪ್ಪಟೆ ಮಾಳಿಗೆಗಳು, ಪೋಪ್ಲರ್ ಮರಗಳ ಹಸಿರು ಗೀಟು, ಆಮೇಲೆ ಮರಳು, ಆಮೇಲೆ ಹಿಮ. ಅಲಂಕಾರವನ್ನೆಲ್ಲ ಕಿಟಕಿಯ ಹೊರಗೆ ಇಟ್ಟುಕೊಂಡು ಒಳಗೆ ಬರಿಗೋಡೆಯಲ್ಲಿ ಬಾಳಿದ ರಾಜರು. ನನ್ನ ಮೈಸೂರು ಮನಸ್ಸು ಮೊದಲ ಅಂತಸ್ತಿನಲ್ಲಿ ಮುನಿಸಿಕೊಂಡಿತ್ತು, ಮೂರನೆಯದರಲ್ಲಿ ಸುಮ್ಮನಾಯಿತು.

ನಾಲ್ಕನೆಯದರಲ್ಲಿ ಅಂಗಾಲಿಗೆ ಸಿಬಿರು ಚುಚ್ಚಿತು. ಉಸಿರೂ ಆ ಹೊತ್ತಿಗೆ ಅಸಹಕಾರ ಹೂಡಿತ್ತು. ಕಿಟಕಿಯ ಕಟ್ಟೆಯ ಮೇಲೆ ಕೂತೆ. ಹೆಂಡತಿ ನನ್ನ ಮುಖ ನೋಡಿದಳು, ಬೆರಳಿಗೆ ಯಂತ್ರ ಸಿಕ್ಕಿಸಿದಳು, ಅಂಕಿ ನೋಡಿದಳು. ಯಂತ್ರ ಕೆಟ್ಟಿದೆ ಎನ್ನಲು ನನಗೆ ದಮ್ಮಿರಲಿಲ್ಲ.

"ಕೆಳಗ ಹೋಗೋಣೇನ್ರೀ?"

"ಐದು ನಿಮಿಷ. ಸರಿಹೋಗುತ್ತೆ."

ಅವಳು ಮೇಲಿನ ಮೆಟ್ಟಿಲಿನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಆಮೇಲೆ ಹೆಗಲಿನ ಬ್ಯಾಗು ತೆಗೆದು ನನ್ನ ಮಡಿಲಿಗೆ ಇಟ್ಟಳು, ಅದರ ಮೇಲೆ ನೀರಿನ ಬಾಟಲಿ, ಅದರ ಮೇಲೆ ತನ್ನ ಜಾಕೆಟ್ಟು.

"ನೀವು ಇಲ್ಲೇ ಕೂತಿರ್ರಿ," ಅಂದಳು.

ಅದರಲ್ಲಿ ಅಣಕವಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಫೋನು ಮಾತ್ರ ಹಿಡಿದು ಅವಳು ಹತ್ತಿಹೋದಳು. ತಲೆಯ ಮೇಲಿನ ಹಲಗೆಯಲ್ಲಿ ಅವಳ ಶೂಗಳ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಅದೂ ಇಲ್ಲ.

ಅವಳು ಎಷ್ಟು ಹೊತ್ತು ಮೇಲಿದ್ದಳೋ ತಿಳಿಯದು. ನಡುವೆ ಅರಮನೆಯ ಕಾವಲುಗಾರನೊಬ್ಬ ನನ್ನ ಬೂಟುಗಳನ್ನು ಎರಡು ಬೆರಳಲ್ಲಿ ನೇತುಹಾಕಿಕೊಂಡು ಬಂದ. ಇವು ನಿಮ್ಮವೇ ಎಂದು ಹಿಂದಿಯಲ್ಲಿ ಕೇಳಿದ. ಹೌದೆಂದೆ. ಆತ ಬಹಳ ಮರ್ಯಾದೆಯಿಂದ ತನ್ನ ಸಂಕಟ ಹೇಳಿಕೊಂಡ. ಹೊಸ್ತಿಲ ಬಳಿ ಅಷ್ಟು ಶಿಸ್ತಾಗಿ ಇಟ್ಟಿದ್ದ ಬೂಟುಗಳನ್ನು ನೋಡಿ, ನಮ್ಮ ಹಿಂದೆ ಬಂದ ಪ್ರವಾಸಿ ಗುಂಪಿನವರೂ ಅವುಗಳ ಪಕ್ಕದಲ್ಲೇ ತಮ್ಮ ಪಾದರಕ್ಷೆ ಬಿಟ್ಟಿದ್ದಾರೆ. ಅವರನ್ನು ನೋಡಿ ಇನ್ನೊಂದು ಗುಂಪು. ಈಗ ಟಿಕೆಟು ಕೊಡುವ ಜಾಗದ ತನಕ ಸಾಲು. ಅರಮನೆಯೊಳಗೆಲ್ಲ ಜನ ಕಾಲು ಹಿಡಿದುಕೊಂಡು ಕುಂಟುತ್ತಿದ್ದಾರೆ. ಇಂಥ ನಿಯಮ ಯಾರು ಮಾಡಿದ್ದೆಂದು ಎಲ್ಲರೂ ತನ್ನನ್ನು ಕೇಳುತ್ತಿದ್ದಾರೆ.

ನಾನು ಕ್ಷಮೆ ಕೇಳಿದೆ. ಬೂಟು ಹಾಕಿಕೊಂಡೆ. ಈಗ ಹತ್ತಬಹುದಿತ್ತೇ? ಹತ್ತಲಿಲ್ಲ. ಮಂಡಿಗಳು ನಡುಗುತ್ತಿದ್ದವು. ಅದೂ ಮಂಡಿಗಳು! ಬ್ಯಾಗು ಹಿಡಿದುಕೊಂಡು ಕೂತಿದ್ದೆ.

ಅವಳು ಇಳಿದು ಬಂದಾಗ ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು. "ಮ್ಯಾಲ..." ಎಂದು ಶುರುಮಾಡಿದಳು. ಅಷ್ಟರಲ್ಲಿ ನಾನು ಕಾವಲುಗಾರನ ಕಥೆ ಶುರುಮಾಡಿದೆ. ಅವಳು ಬಿದ್ದು ಬಿದ್ದು ನಕ್ಕಳು. ಬಾಗಿಲಿಗೆ ಬಂದು ಆ ಸಾಲು ನೋಡಿ ಇನ್ನೊಮ್ಮೆ ನಕ್ಕಳು. ಹೋಟೆಲಿಗೆ ಹೋಗಿ ಸಿಬಿರು ತೆಗೆದಳು. ಆ "ಮ್ಯಾಲ" ಅಲ್ಲಿಗೇ ನಿಂತಿತು. ನಾನು ಮತ್ತೆ ಕೇಳಲಿಲ್ಲ.

ಕ್ರೋಯ್ಡನ್‌ಗೆ ಮರಳಿದ ವಾರವೇ ಬಳಗದ ಕಾರ್ಯದರ್ಶಿಗಳ ಫೋನು ಬಂತು. ಇವರು ಮಂಗಳೂರು ಕಡೆಯ ಕೊಂಕಣಿ ಮಾತಾಡುವ ಕ್ಯಾಥೊಲಿಕ್ಕರು, ನಮ್ಮೆಲ್ಲರಿಗಿಂತ ಶುದ್ಧವಾದ ಕನ್ನಡದವರು.

"ಡಾಕ್ಟ್ರೇ, ಬರುವ ತಿಂಗಳ ಪ್ರವಾಸದ ಮಾತು ನಿಮ್ಮದೇ. ಇಪ್ಪತ್ತು ನಿಮಿಷ ಮಾತ್ರ ಮಾರಾಯ್ರೆ. ಆಮೇಲೆ ಊಟ ಉಂಟು. ಕಳೆದ ಸಲ ನೀವು ಜನರನ್ನು ಮಲಗಿಸಿದ್ದೀರಿ, ಎಬ್ಬಿಸುವ ಮದ್ದು ನಮ್ಮಲ್ಲಿ ಇಲ್ಲ."

ನಮ್ಮ ಬಳಗದಲ್ಲಿ ಪ್ರವಾಸದ ಮಾತಿಗೆ ಒಂದು ಕಟ್ಟುಪಾಡಿದೆ, ಯಾರೂ ಬರೆದಿಟ್ಟದ್ದಲ್ಲ. ಗಂಡ ನಿಂತು ಮಾತಾಡುತ್ತಾನೆ. ಹೆಂಡತಿ ಲ್ಯಾಪ್‌ಟಾಪಿನ ಮುಂದೆ ಕೂತು, ಅವನು ಹುಬ್ಬು ಹಾರಿಸಿದಾಗ ಮುಂದಿನ ಫೋಟೋ ಒತ್ತುತ್ತಾಳೆ. ವೈದ್ಯರು, ಇಂಜಿನಿಯರುಗಳು, ಒಬ್ಬ ನಿವೃತ್ತ ನ್ಯಾಯಾಧೀಶರು ಎಲ್ಲರೂ ಹೀಗೇ ಜಗತ್ತು ಸುತ್ತಿ ಬಂದಿದ್ದಾರೆ.

ನಾನು ಭಾಷಣ ಬರೆಯಲು ಕೂತೆ. ನಾಲ್ಕು ಅಂತಸ್ತು ಸುಸೂತ್ರವಾಗಿ ಬಂತು. ಬೂಟಿನ ಪ್ರಸಂಗವನ್ನು ಸಮಯದ ಅಭಾವದಿಂದ ಕೈಬಿಟ್ಟೆ. ಐದರಿಂದ ಮುಂದೆ ಅವಳ ಫೋಟೋಗಳನ್ನು ಎದುರಿಗಿಟ್ಟುಕೊಂಡು ಬರೆದೆ. ಒಂಬತ್ತನೆಯ ಅಂತಸ್ತಿನ ಮಾಳಿಗೆಯ ವರ್ಣನೆ, ನಾನೇ ಹೇಳಬಾರದು, ಬಹಳ ಚೆನ್ನಾಗಿ ಬಂತು. ಉತ್ತರದ ಹಿಮಶಿಖರಗಳಿಂದ ಬೀಸಿದ ಗಾಳಿ ನನ್ನ ಹಣೆಯನ್ನು ಸವರಿತು ಎಂದು ಒಂದು ಸಾಲು ಸೇರಿಸಿದೆ.

ಅಡುಗೆಮನೆಗೆ ಹೋಗಿ ಓದಿ ಹೇಳಿದೆ. ಅವಳು ಶೇಂಗಾ ಹುರಿಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು.

"ಛಲೋ ಅದ," ಅಂದಳು. "ಆದ್ರ ಗಾಳಿ ಆ ಕಡೆಯಿಂದ ಬರ್ತಿದ್ದಿಲ್ಲ."

ಮಿಕ್ಸಿ ಹಾಕಿದಳು. ಚರ್ಚೆಗೆ ಅವಕಾಶವಿರಲಿಲ್ಲ. ನಾನು ಕೋಣೆಗೆ ಬಂದು ಕಂಪ್ಯೂಟರಿನಲ್ಲಿ ನಕಾಶೆ ತೆರೆದು ಪರ್ವತಗಳು ಉತ್ತರಕ್ಕಿರುವುದನ್ನು ಖಚಿತಪಡಿಸಿಕೊಂಡೆ. ಸಾಲನ್ನು ಹಾಗೇ ಇಟ್ಟೆ.

ಎರಡು ದಿನ ಕಳೆದು ಒಂದು ಮಧ್ಯಾಹ್ನ ಅವಳು ಧಾರವಾಡದ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಕಾಫಿ ಲೋಟ ಹಿಡಿದು ಬಾಗಿಲ ಹತ್ತಿರ ಬಂದಿದ್ದೆ.

"ಹೂಂ ಅಕ್ಕಾ, ತುದೀತನಕ ಹತ್ತಿದೆ. ನಾನೇ, ಒಬ್ಬಾಕೀನೇ... ಇಲ್ಲ, ಮಾತಾಡೋರು ಅವ್ರು. ನಾ ಫೋಟೋ ಒತ್ತೋದು... ಇರ್ಲಿ ಬಿಡು. ಹೇಳ್ಬೇಕಂತ ಆಸೆ ಇತ್ತು ನೋಡು, ಒಮ್ಮೆ. ಇಷ್ಟು ವರ್ಷ ಎಲ್ಲಾ ಕೇಳಿದ್ದೇ ಆತು."

ಕಾಫಿ ಲೋಟದೊಂದಿಗೆ ಹಿಂದಕ್ಕೆ ಬಂದೆ. ಏನಾದರೂ ಮಾಡಿದೆನೇ? ಮಾಡಲಿಲ್ಲ. ಭಾಷಣ ಬರೆದಾಗಿತ್ತು, ಕಾರ್ಯದರ್ಶಿಗಳಿಗೆ ತಿಳಿಸಿಯಾಗಿತ್ತು, ಕಟ್ಟುಪಾಡು ಕಟ್ಟುಪಾಡೇ. ಕೆಟ್ಟ ಕೆಲಸ ಮಾಡಲು ಕೆಟ್ಟತನವೇ ಬೇಕೆಂದಿಲ್ಲ. ಸ್ವಲ್ಪ ಆಲಸ್ಯವಿದ್ದರೆ ನಡೆಯುತ್ತದೆ.

ಭಾನುವಾರ ಟ್ರಾಮಿನಲ್ಲಿ ಹೋದೆವು. ಚಟ್ನಿಪುಡಿಯ ಡಬ್ಬಿ ನನ್ನ ಕೈಯಲ್ಲಿ, ಲ್ಯಾಪ್‌ಟಾಪು ಅವಳ ಕೈಯಲ್ಲಿ. ಅವಳು ಇಳಕಲ್ ಸೀರೆ ಉಟ್ಟಿದ್ದಳು. ಕಾಲಲ್ಲಿ ಲೇಹ್‌ಗೆ ಹಾಕಿಕೊಂಡಿದ್ದ ಅದೇ ಶೂ. ನಾನು ಶೂ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡಿದಳು.

ಚರ್ಚ್ ಹಾಲಿನಲ್ಲಿ ಎಂದಿನ ಜನ, ಹಿಂದಿನ ಮೇಜಿನ ಮೇಲೆ ಬಿಸಿಬೇಳೆಬಾತಿನ ಪರಿಮಳ. ಕಾರ್ಯದರ್ಶಿಗಳು ಮುಂದಿನ ಸಾಲಿನಲ್ಲಿ ಕೈಗಂಟೆ ಇಟ್ಟುಕೊಂಡು ಕೂತರು. ನಾನು ಶುರುಮಾಡಿದೆ. ಹುಬ್ಬು ಹಾರಿಸಿದೆ, ಮುಖಮಂಟಪ ಬಂತು. ಹಾರಿಸಿದೆ, ಓಣಿ ಬಂತು. ಮೂರನೆಯ ಅಂತಸ್ತಿನ ಕಿಟಕಿ ಬಂತು. ಯಾರೂ ಇನ್ನೂ ನಿದ್ದೆ ಹೋಗಿರಲಿಲ್ಲ. ನಾಲ್ಕನೆಯದಕ್ಕೆ ಹುಬ್ಬು ಹಾರಿಸಿದಾಗ ಹಾಲಿಗೆ ಹಾಲೇ ನಕ್ಕಿತು.

ತಿರುಗಿ ಪರದೆ ನೋಡಿದೆ. ಕಿಟಕಿಕಟ್ಟೆಯ ಮೇಲೆ ನಾನು. ಕಾಲಲ್ಲಿ ಬರೀ ಕಾಲುಚೀಲ, ಅದರ ತುದಿಯಿಂದ ಹೆಬ್ಬೆರಳು ಹೊರಬಂದಿದೆ. ಮಡಿಲಲ್ಲಿ ಹೆಂಗಸರ ಬ್ಯಾಗು, ಬಾಟಲಿ, ಜಾಕೆಟ್ಟು. ಬಾಯಿ ಸ್ವಲ್ಪ ತೆರೆದಿದೆ. ಮೆಟ್ಟಿಲ ಮೇಲಿನಿಂದ ತೆಗೆದ ಫೋಟೋ. ನಾನು ಅದನ್ನು ಎಂದೂ ನೋಡಿರಲಿಲ್ಲ.

"ಇದು ಯಾವ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಮಾರಾಯ್ರೆ?" ಎಂದರು ಕಾರ್ಯದರ್ಶಿಗಳು. "ಮತ್ತೆ ಬೂಟು ಎಲ್ಲಿ ಹೋಯ್ತು?"

ಇನ್ನಷ್ಟು ನಗು. ನಾನೂ ನಕ್ಕೆ. ಕೈಯಲ್ಲಿ ಮುಂದಿನ ಹಾಳೆ ಸಿದ್ಧವಾಗಿತ್ತು: ಐದನೆಯ ಅಂತಸ್ತಿನಿಂದ ಒಂಬತ್ತನೆಯದರ ಮಾಳಿಗೆಯವರೆಗೆ. ದಾಟಿಬಿಡಬಹುದಿತ್ತು. ಆಯಾಸ ಪರಿಹರಿಸಿಕೊಂಡು ಮುಂದುವರಿದೆ ಎಂದು ಒಂದು ಮಾತು ಸೇರಿಸಿದ್ದರೆ ಮುಗಿಯುತ್ತಿತ್ತು. ಹುಬ್ಬು ಹಾರಿಸುವ ಮುಂಚೆ ಹೆಂಡತಿಯ ಕಡೆ ನೋಡಿದೆ. ಬೆರಳು ಗುಂಡಿಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳು. ನಗುತ್ತಿರಲಿಲ್ಲ. ನಾನು ಹುಬ್ಬು ಹಾರಿಸಿದರೆ ಒತ್ತುವವಳೇ.

ಹುಬ್ಬು ಹಾರಲಿಲ್ಲ. ಹಾಳೆ ಮಡಿಸಿ ಜೇಬಿಗೆ ಹಾಕಿದೆ.

"ಬೂಟು ಅರಮನೆಯ ಬಾಗಿಲಲ್ಲಿತ್ತು," ಅಂದೆ. "ನಾನು ಹತ್ತಿದ್ದು ಇಲ್ಲಿಯವರೆಗೆ ಮಾತ್ರ. ಮೇಲಿನ ಐದು ಅಂತಸ್ತು ನಾನು ನೋಡಿಲ್ಲ. ಹತ್ತಿದವರು ಇಲ್ಲೇ ಕೂತಿದ್ದಾರೆ, ಅವರೇ ಹೇಳಬೇಕು."

ಹೋಗಿ ಅವಳ ಕುರ್ಚಿಯ ಪಕ್ಕ ನಿಂತೆ. "ಏಳು. ನಾನು ಒತ್ತುತ್ತೇನೆ."

"ಏನ್ ಹೇಳ್ಲಿ? ನಾ ಏನೂ ಬರ್ಕೊಂಡು ಬಂದಿಲ್ರೀ," ಎಂದಳು ಮೆಲ್ಲಗೆ. ಆದರೆ ಎದ್ದು ತನ್ನ ಬ್ಯಾಗನ್ನು ನನ್ನ ಕೈಗೆ ಕೊಟ್ಟಿದ್ದಳು. ನಾನು ಅವಳ ಕುರ್ಚಿಯಲ್ಲಿ ಕೂತೆ.

ಮೊದಲಿನ ಎರಡು ಮಾತು ಯಾರಿಗೂ ಕೇಳಿಸಲಿಲ್ಲ. ಹಿಂದಿನ ಸಾಲಿನವರು ಜೋರಾಗಿ ಹೇಳಿ ಎಂದರು. ಐದನೆಯ ಅಂತಸ್ತಿನ ಫೋಟೋ ತಂದಿದ್ದ ನಾನು ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದೆ. ಪರದೆಯ ಮೇಲೆ ಮತ್ತೆ ನಾನೇ ಬಂದೆ, ಹೆಬ್ಬೆರಳಿನ ಸಮೇತ.

"ಹಿಂದಕಲ್ರೀ, ಮುಂದಕ!" ಎಂದಳು. ಆ ದನಿ ಹಾಲಿನ ಕೊನೆಯವರೆಗೂ ಮುಟ್ಟಿತು. ಆಮೇಲೆ ಇಳಿಯಲಿಲ್ಲ.

ಐದನೆಯ ಅಂತಸ್ತಿನಲ್ಲಿ ಒಂದು ಕೋಣೆಗೆ ಬಾಗಿಲೇ ಇರಲಿಲ್ಲವಂತೆ, ಕಿಟಕಿಯಿತ್ತಂತೆ. ಇನ್ನೂ ಮೇಲೆ ಒಂದು ಪುಟ್ಟ ದೇವರ ಕೋಣೆ, ತುಪ್ಪದ ದೀಪ, ಮಸಿ ಹಿಡಿದ ಗೋಡೆ. "ಅಲ್ಲೆ ಶೂ ಬಿಟ್ಟೆ. ಬಿಡೋ ಜಾಗಾ ಅದು," ಅಂದಳು, ನನ್ನ ಕಡೆ ನೋಡದೆ. ಮೆಟ್ಟಿಲುಗಳನ್ನು ಎಣಿಸಲು ಹೋಗಿ ಮರೆತದ್ದು, ಒಂದು ಕಡೆ ಕೈಯೂರಿ ಹತ್ತಿದ್ದು, ಕೊನೆಗೆ ತಲೆಯ ಮೇಲೆ ಚೌಕಾಕಾರದ ಆಕಾಶ ಕಂಡದ್ದು. ಮಾಳಿಗೆಯ ಮೇಲೆ ಬೇರೆ ಯಾರೂ ಇರಲಿಲ್ಲವಂತೆ.

"ಕೂಡಬೇಕಂತ ಸುತ್ತಲೂ ನೋಡ್ದೆ. ರೂಢಿ ನೋಡ್ರಿ. ಮ್ಯಾಲ ಬೆಂಚ್ ಇದ್ದಿದ್ದಿಲ್ಲ. ನಿಂತೇ ಇದ್ದೆ. ಎಷ್ಟೊತ್ತು ಅಂತ ನನಗ ಗೊತ್ತಿಲ್ಲ."

ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡಳು. ಇಪ್ಪತ್ತು ನಿಮಿಷ ಎಂದೋ ದಾಟಿತ್ತು. ಕಾರ್ಯದರ್ಶಿಗಳು ಗಂಟೆಯನ್ನು ಕುರ್ಚಿಯ ಕೆಳಗೆ ಇಟ್ಟಿದ್ದನ್ನು ನಾನು ನೋಡಿದೆ.

"ಪ್ರಶ್ನೆಗಳು ಉಂಟಾ?" ಎಂದು ಕೇಳಿದರು.

ನಾನು ಕೈ ಎತ್ತಿದೆ.

"ಮೇಲೆ ಗಾಳಿ ಯಾವ ಕಡೆಯಿಂದ ಬರುತ್ತಿತ್ತು?"

ಅವಳು ಆ ದಿನ ಮೊದಲ ಸಲ ನಕ್ಕಳು.

"ಕೆಳಗಿನಿಂದ್ರೀ. ಕತ್ತಲಿ ಮೆಟ್ಟಿಲಿನ ಸಂದಿಯೊಳಗಿಂದ ಮ್ಯಾಲಕ ಬರ್ತಿತ್ತು. ನೀವು ಕೂತಿದ್ರಲ್ಲಾ, ಆ ಕಡೆಯಿಂದ. ನೀವು ಕೆಮ್ಮಿದ್ದೂ ಕೇಳಸ್ತಿತ್ತು."

ಊಟಕ್ಕೆ ಎಬ್ಬಿಸಿದರು. ಹೆಂಗಸರು, ಆಮೇಲೆ ಕೆಲವು ಗಂಡಸರೂ ಅವಳನ್ನು ಸುತ್ತುಗಟ್ಟಿದರು. ಯಾರೋ ಮಂಡಿಯ ಬಗ್ಗೆ ವಿಚಾರಿಸುತ್ತಿದ್ದರು. "ಮಂಡಿಗೆ ಏನಾಗೇತ್ರೀ?" ಎಂದು ಅವಳು ಕೇಳುವುದು ಕಿವಿಗೆ ಬಿತ್ತು. ನಾನು ಎದ್ದು ತಟ್ಟೆ ತರೋಣವೆಂದುಕೊಂಡೆ. ಅವಳ ಬ್ಯಾಗು ನನ್ನ ಮಡಿಲಲ್ಲೇ ಇತ್ತು, ಅದರ ಮೇಲೆ ನೀರಿನ ಬಾಟಲಿ. ಅವಳು ಬರುವವರೆಗೆ ಕೂತಿದ್ದೆ.